ಟಿಡಿಎಸ್ ಮೀಟರಿಗೆ ಸೀಸ ಕಾಣದು

ಮಾನ್ಯ ಸಂಪಾದಕರೇ,

ಕೊಳವೆಬಾವಿ ನೀರಿಗೆ ಟಿಡಿಎಸ್ ಮೀಟರ್ (ಕರಗಿದ ಲವಣಗಳ ಒಟ್ಟು ಮೊತ್ತ ತೋರಿಸುವ ಸಾಧನ) ಅದ್ದಿ ‘ನೀರು ಶುದ್ಧ’ ಎಂದುಬಿಡುವುದು ರೂಢಿಯಾಗಿದೆ. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಮೀಟರ್ ತೋರಿಸುವುದು ಅದೇ ಲೆಕ್ಕದಲ್ಲಿ 300, 500ರಂಥ ಅಂಕಿ. ಮಿತಿಯ ಹತ್ತು ಪಟ್ಟು ಸೀಸ ಬೆರೆತರೂ ಆ ಅಂಕಿ ಕದಲದು.

ಕಾಲೇಜಿನ ಪ್ರಯೋಗಾಲಯದಲ್ಲೇ ಸೀಸ, ಕ್ಯಾಡ್ಮಿಯಂ ಪತ್ತೆಗೆ ಪೆನ್ ಪೆನ್ಸಿಲ್‌ಗೆ ಹಾಕುವ 0.5 ಮಿ.ಮೀ. ಗ್ರಾಫೈಟ್ ಕಡ್ಡಿಯೇ ಎಲೆಕ್ಟ್ರೋಡ್ (ದ್ರಾವಣಕ್ಕೆ ವಿದ್ಯುತ್ ಹಾಯಿಸುವ ಕಡ್ಡಿ) ಆಗಬಲ್ಲದು. ದುಡ್ಡಿನ ಬಾಬತ್ತೆಂದರೆ ಕಡ್ಡಿಯ ವೋಲ್ಟೇಜ್ ನಿಯಂತ್ರಿಸಿ ಹರಿಯುವ ವಿದ್ಯುತ್ ಅಳೆಯುವ ಪೊಟೆನ್ಶಿಯೋಸ್ಟ್ಯಾಟ್ ಒಂದೇ. ಅದನ್ನು ನಾಲ್ಕು ಕಾಲೇಜುಗಳು ಹಂಚಿಕೊಳ್ಳಬಹುದು. ತುದಿಯ 1 ಸೆಂ.ಮೀ. ಬಿಟ್ಟು ಕಡ್ಡಿಯ ಮೇಲ್ಭಾಗಕ್ಕೆ ನೇಲ್ ಪಾಲಿಶ್ ಬಳಿದು ಒಣಗಿಸಬೇಕು. ಇಲ್ಲದಿದ್ದರೆ ದ್ರಾವಣ ಮೇಲೇರಿ, ಒದ್ದೆಯಾಗುವ ಭಾಗ ಸಲಕ್ಕೊಂದು ಬಗೆಯಾಗುತ್ತದೆ. 9 ಮಿ.ಲೀ. ನೀರಿಗೆ ಪಿಎಚ್ 4.5ರ 1 ಮೋಲಾರ್ ಅಸಿಟೇಟ್ ಬಫರ್ (ಪಿಎಚ್ ಅಂದರೆ ಆಮ್ಲೀಯತೆಯ ಮಟ್ಟವನ್ನು ಸ್ಥಿರವಾಗಿಡುವ ದ್ರಾವಣ) 1 ಮಿ.ಲೀ., ಜೊತೆಗೆ ಲೀಟರಿಗೆ 0.4 ಮಿ.ಗ್ರಾಂ ಲೆಕ್ಕದಲ್ಲಿ ಕರಗಿದ ರೂಪದ ಬಿಸ್ಮತ್ ಲೋಹ ಸೇರಿಸಬೇಕು. ಕಲಕುತ್ತಾ ಮೈನಸ್ 1.2 ವೋಲ್ಟ್‌ನಲ್ಲಿ 120 ಸೆಕೆಂಡ್ ಇಟ್ಟರೆ ಬಿಸ್ಮತ್ ಜೊತೆ ಈ ಲೋಹಗಳೂ ಕಡ್ಡಿಗೆ ಅಂಟುತ್ತವೆ. 15 ಸೆಕೆಂಡ್ ಕಲಕದೆ ಬಿಟ್ಟು, ಸ್ಕ್ವೇರ್ ವೇವ್ ವಿಧಾನದಲ್ಲಿ (ಚಿಕ್ಕ ಚಿಕ್ಕ ಮಿಡಿತಗಳಲ್ಲಿ) ವೋಲ್ಟೇಜ್ ಏರಿಸಬೇಕು. ಮೈನಸ್ 0.8ರ ಸುಮಾರಿಗೆ ಕ್ಯಾಡ್ಮಿಯಂ, ಮೈನಸ್ 0.55ರ ಆಸುಪಾಸು ಸೀಸ ಕರಗಿ ವಿದ್ಯುತ್ತಿನ ಗ್ರಾಫಿನಲ್ಲಿ ಶಿಖರ ಮೂಡುತ್ತದೆ. ಹಳೆಯ ವಿಧಾನದ ಪಾದರಸ ಬೇಡ, ಆಮ್ಲಜನಕ ಹೊರಹಾಕಲು ನೈಟ್ರೋಜನ್ ಸಿಲಿಂಡರ್ ಹೊರುವುದೂ ಬೇಡ.

ಎಡವುವುದು ಬೇರೆ ಕಡೆ. ಪ್ರಯೋಗಾಲಯಕ್ಕೆಂದು ನೈಟ್ರಿಕ್ ಆಮ್ಲ ಹಾಕಿಟ್ಟ ನೀರನ್ನೇ ಸುರಿದರೆ ಬಫರ್ ತಡೆಯದು. ಪಿಎಚ್ ಇಳಿದು, ಕಡ್ಡಿಯ ಮೇಲೆ ಹೈಡ್ರೋಜನ್ ಗುಳ್ಳೆ ಎದ್ದು ಶಿಖರ ಕುಗ್ಗುತ್ತದೆ. ಮೊದಲು ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಸರಿಪಡಿಸಿ. ತಾಮ್ರ ಹೆಚ್ಚಿದ್ದರೂ, ಸೋಪಿನ ಅಂಶ ಇದ್ದರೂ ಸೀಸ ಕಡಿಮೆ ಕಾಣುತ್ತದೆ. ವೋಲ್ಟೇಜ್ ಅಳೆಯಲು ಆಧಾರವಾಗುವ ರೆಫರೆನ್ಸ್ ಎಲೆಕ್ಟ್ರೋಡ್ ಆಗಿ ಕ್ಲೋರೈಡ್ ಲೇಪಿಸಿದ ಬರೀ ಬೆಳ್ಳಿ ತಂತಿ ಬಳಸಿದರೆ ಉಪ್ಪುನೀರಿನಲ್ಲಿ ಶಿಖರದ ಜಾಗವೇ ಸರಿಯುತ್ತದೆ.

ಆದ್ದರಿಂದ ಸೀಸದ ಪ್ರಮಾಣ ಗೊತ್ತಿರುವ ದ್ರಾವಣಗಳಿಂದ ಹಿಂದೆಂದೋ ಎಳೆದ ಅಳತೆಗೆರೆ ನೋಡಿ ಅಂಕಿ ಹೇಳುವುದನ್ನು ನಾವು ಒಪ್ಪುವುದಿಲ್ಲ. ಬಫರ್ ಬೆರೆಸಿದ ಅದೇ 10 ಮಿ.ಲೀ. ನೀರಿಗೆ ಲೀಟರಿಗೆ 10 ಮಿ.ಗ್ರಾಂ ಇರುವ ಸೀಸದ ದ್ರಾವಣ 10 ಮೈಕ್ರೊಲೀಟರ್ ಸೇರಿಸಿ. ಸೀಸ ಲೀಟರಿಗೆ 10 ಮೈಕ್ರೊಗ್ರಾಂ ಏರುತ್ತದೆ. ಎರಡು ಮೂರು ಸಲ ಹೀಗೆ ಸೇರಿಸಿ, ಶಿಖರ ಎಷ್ಟು ಬೆಳೆಯಿತೆಂದು ನೋಡಿ ಲೆಕ್ಕ ಹಾಕಿ. ಬಟ್ಟಿ ಇಳಿಸಿದ ನೀರಿನಲ್ಲೂ ಒಮ್ಮೆ ಅಳೆಯಿರಿ. ಬಾಟಲಿಯಿಂದಲೇ ಸೀಸ ಬರುವುದುಂಟು.

ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆಯ ಆರ್ಸೆನಿಕ್‌ಗೆ ಮಾತ್ರ ಈ ಕಡ್ಡಿ ನಡೆಯದು. ಅದಕ್ಕೆ ಚಿನ್ನದ ಎಲೆಕ್ಟ್ರೋಡ್ ಬೇಕು. ಅದರಲ್ಲೂ ಆರ್ಸೆನೇಟ್ ರೂಪದಲ್ಲಿರುವುದನ್ನು ಮೊದಲು ಆರ್ಸೆನೈಟ್ ಎಂಬ ಇನ್ನೊಂದು ರೂಪಕ್ಕೆ ಇಳಿಸದಿದ್ದರೆ ಸಾಮಾನ್ಯವಾಗಿ ಏನೂ ಕಾಣಿಸದು.

– ಇಬ್ಬರು ರಸಾಯನಶಾಸ್ತ್ರ ಅಧ್ಯಾಪಕರು, ಮೈಸೂರು