‘ನಂದು!’ ಅಂದವರಿಗೆಲ್ಲ

ಅಪ್ಪ ಹೋಗಿ ಮೊನ್ನೆಗೆ ಒಂದು ತಿಂಗಳಾಯಿತು. ವೈಕುಂಠ ಸಮಾರಾಧನೆಯ ದಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈ ಮುಗಿದಿದ್ದಷ್ಟೇ ನೆನಪು. ಯಾರ ಜೊತೆಗೂ ನೆಟ್ಟಗೆ ಎರಡು ಮಾತು ಆಡೋಕೆ ಆಗಲಿಲ್ಲ. ಆಗ ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಅಪ್ಪನನ್ನು ಶ್ರೀರಾಂಪುರದಲ್ಲಿ ಗೊತ್ತಿದ್ದವರಿಗೆ ಅವರು ಬಾಲ್ ಬ್ಯಾಡ್ಮಿಂಟನ್ ಆಟಗಾರ. ಸುಲ್ತಾನ್‌ಪೇಟೆಯಲ್ಲಿ ಗೊತ್ತಿದ್ದವರಿಗೆ ಪ್ರೆಸ್ ಯಜಮಾನರು. ಎಷ್ಟೋ ಜನಕ್ಕೆ ಇಬ್ಬರೂ ಒಬ್ಬರೇ ಅಂತ ಸಮಾರಾಧನೆಯ ದಿನವೇ ಗೊತ್ತಾಗಿದ್ದು.

ಬಾಲ್ ಬ್ಯಾಡ್ಮಿಂಟನ್ ಅಂದರೆ ಶಟಲ್ ಅಲ್ಲ. ಇದನ್ನು ಅಪ್ಪ ಜೀವನಪೂರ್ತಿ ಜನಕ್ಕೆ ಹೇಳಿ ಹೇಳಿ ಸುಸ್ತಾಗಿದ್ದರು, ಈಗ ನನ್ನ ಸರದಿ. ಹಳದಿ ಉಲ್ಲನ್ ಚೆಂಡು, ತೂಕ 30 ಗ್ರಾಂ ಒಳಗೆ. ಮಣ್ಣಿನ ಕೋರ್ಟು, 24 ಮೀಟರ್ ಉದ್ದ, 12 ಮೀಟರ್ ಅಗಲ. ಒಂದೊಂದು ಕಡೆ ಐದೈದು ಜನ. ಚೆಂಡು ಇಬ್ಬರ ನಡುವೆ ಬಂತು ಅಂದರೆ ಕಷ್ಟ. ಇಬ್ಬರೂ ನುಗ್ಗಿದರೆ ಬ್ಯಾಟಿಗೆ ಬ್ಯಾಟು ತಾಗುತ್ತದೆ, ಇಬ್ಬರೂ ಸುಮ್ಮನಿದ್ದರೆ ಪಾಯಿಂಟ್ ಹೋಗುತ್ತದೆ. ಅದಕ್ಕೇ ಒಬ್ಬರು ‘ನಂದು!’ ಅಂತ ಕೂಗಬೇಕು. ಕೂಗಿದ ಮೇಲೆ ಬಿಡುವ ಹಾಗಿಲ್ಲ. ಅಪ್ಪ ಹಿಂದೆ ನಿಂತು ಆಡುತ್ತಿದ್ದರು. ಅವರ ಕೂಗು ಮೈದಾನದಾಚೆಯ ಟೀ ಅಂಗಡಿಗೂ ಕೇಳುತ್ತಿತ್ತಂತೆ. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತಲ್ಲ, ಮರುವರ್ಷ ರಾಜ್ಯ ತಂಡಕ್ಕೆ ಆಡಿದರು. ಎದೆ ಮೇಲೆ ‘ಕರ್ನಾಟಕ’ ಅಂತ ಹೊಸ ಹೆಸರಿದ್ದ ಆ ಬನಿಯನ್ ಇನ್ನೂ ಗಾದ್ರೆಜ್ ಬೀರುವಿನಲ್ಲಿದೆ. ಹಳದಿಗಟ್ಟಿದೆ, ಆದರೆ ಅಮ್ಮ ಮುಟ್ಟೋಕೆ ಬಿಡುವುದಿಲ್ಲ.

ಮನೆಯಲ್ಲೂ ಅದೇ ಕೂಗು. ಅತ್ತೆಯಂದಿರ ಮದುವೆ ಖರ್ಚು ಯಾರದು? ನಂದು. ತಾತ ಬಿಟ್ಟುಹೋದ ಸಾಲ? ನಂದು. ಪ್ರೆಸ್ಸಿನ ಹುಡುಗನ ಅಪೆಂಡಿಕ್ಸ್ ಆಪರೇಷನ್? ಅದೂ ನಂದೇ. ಕೇಳೋಕೆ ಚೆನ್ನಾಗಿರುತ್ತದೆ, ಜೊತೆಗೆ ಬದುಕುವವರಿಗೆ ಸ್ವಲ್ಪ ತ್ರಾಸ. ಅಣ್ಣನಿಗೆ ನಲವತ್ತು ದಾಟಿದರೂ ಪ್ರೆಸ್ಸಿನ ಚೆಕ್ ಬುಕ್ ಕೈಗೆ ಸಿಕ್ಕಿರಲಿಲ್ಲ. ಅವನು ಬೇಸತ್ತು ಬೇರೆ ಕೆಲಸಕ್ಕೆ ಸೇರಿದ್ದು ಯಾಕೆ ಅಂತ ಈಗಲಾದರೂ ಹೇಳಬಹುದು ಅನ್ನಿಸುತ್ತದೆ.

ಪ್ರೆಸ್ ಶುರುವಾಗಿದ್ದು 1979ರಲ್ಲಿ, ಒಂದು ಸೆಕೆಂಡ್ ಹ್ಯಾಂಡ್ ಟ್ರೆಡಲ್ ಮಿಷನ್ನಿನಿಂದ. ಲಗ್ನಪತ್ರಿಕೆ, ಗೃಹಪ್ರವೇಶ, ಬಿಲ್ ಬುಕ್ಕು. ಆಗ ಅಕ್ಷರದ ಅಚ್ಚಿನ ಮೊಳೆ ಒಂದೊಂದೇ ಜೋಡಿಸಬೇಕು. ಕನ್ನಡಕ್ಕೆ ಒತ್ತಕ್ಷರ ಬೇರೆ, ಕೆಲಸ ಇಂಗ್ಲಿಷಿಗಿಂತ ಜಾಸ್ತಿ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವುದು, ಬಂದಾಗ ಪೇಟೆಯಲ್ಲಿ ಮೊಳೆ ಜೋಡಿಸುವ ಸುಮಾರು ಜನ ಕಂಪೋಸಿಟರುಗಳು ಕೆಲಸ ಕಳೆದುಕೊಂಡರು. ಅಪ್ಪ ತಮ್ಮ ಮೂವರು ಕಂಪೋಸಿಟರುಗಳನ್ನು ಫೀಸು ಕಟ್ಟಿ ಕಂಪ್ಯೂಟರ್ ಕ್ಲಾಸಿಗೆ ಕಳಿಸಿದರು. ದಯೆಯಿಂದ ಅಂದುಕೊಳ್ಳಬೇಡಿ. “ಒತ್ತು ಎಲ್ಲಿ ಬರುತ್ತೆ ಅಂತ ಗೊತ್ತಿರೋನು ಆ ಹೊಸ ಹುಡುಗರಲ್ಲಿ ಒಬ್ಬನೂ ಇಲ್ಲ” ಅಂತಿದ್ದರು. ವ್ಯಾಪಾರದ ಲೆಕ್ಕವೇ. ಲೆಕ್ಕ ಸರಿಯಿತ್ತು. ತಪ್ಪಿಲ್ಲದ ಕನ್ನಡ ಬೇಕು ಅಂದವರೆಲ್ಲ ನಮ್ಮಲ್ಲಿಗೇ ಬಂದರು.

ರಾತ್ರಿ ಎಂಟಕ್ಕೆ ಶಟರ್ ಎಳೆದು ಪ್ರೂಫ್ ಮನೆಗೆ ತರುತ್ತಿದ್ದರು. ಮುಹೂರ್ತದ ಸೀಸನ್ನಿನಲ್ಲೂ ಊಟ ಮನೆಯಲ್ಲೇ. ಊಟವಾದ ಮೇಲೆ ಅಮ್ಮ ಗಟ್ಟಿಯಾಗಿ ಓದೋದು, ಅಪ್ಪ ಪೆನ್ಸಿಲ್ ಹಿಡಿದು ಹಿಂಬಾಲಿಸೋದು. ಊರಿನ ಎಷ್ಟೋ ಚಿ॥ ರಾ॥, ಚಿ॥ ಸೌ॥ಗಳು ನಮ್ಮ ನಡುಮನೆ ದಾಟಿಯೇ ಮದುವೆಯಾದದ್ದು. 2020ರಲ್ಲಿ ಲಾಕ್‌ಡೌನ್ ಬಂತು, ಪತ್ರಿಕೆಗಳು ವಾಟ್ಸಾಪಿಗೆ ಹೋದವು. ಅರ್ಧಕ್ಕರ್ಧ ಕೆಲಸ ಮತ್ತೆ ವಾಪಸ್ ಬರಲಿಲ್ಲ.

ಎರಡು ವರ್ಷದ ಹಿಂದೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಡಯಾಲಿಸಿಸ್, ಒಂದೊಂದು ನಾಲ್ಕು ಗಂಟೆ. ಹೋಗಿ ಬರುವುದೂ ಸೇರಿ ಅರ್ಧ ದಿನ. ಅಮ್ಮನಿಗೆ ಮಂಡಿ ನೋವು, ಅಣ್ಣ ಹೊಸೂರಿನಲ್ಲಿ, ನಾನು ವೈಟ್‌ಫೀಲ್ಡಿನಲ್ಲಿ. ಮೊದಲ ವಾರ ರಜೆ ಹಾಕಿದೆ. ಎರಡನೇ ವಾರ ಏನು ಮಾಡೋದು ಅಂತ ಕೂತಿದ್ದಾಗ ಅಪ್ಪನ ಹಳೇ ಟೀಮಿನ ಸೆಂಟರ್ ಆಟಗಾರರು ಬಂದರು. ನಾವು ಮಾಮ ಅಂತ ಕರೆಯುವವರು. ಕಾಫಿ ಲೋಟ ಕೆಳಗಿಟ್ಟು, “ಮಂಗಳವಾರ ನಂದು” ಅಂದರು. ಅಷ್ಟೇ.

ಅಪ್ಪನಿಗೆ ಅದು ಇಷ್ಟವಾಗಲಿಲ್ಲ. ಇಡೀ ಸಂಜೆ ಮುಖ ಗಂಟು. ತಮ್ಮ ಚೆಂಡಿಗೆ ಬೇರೆಯವರು ಬ್ಯಾಟು ಚಾಚಿದ್ದು ಅವರ ಆಯಸ್ಸಿನಲ್ಲಿ ಅದೇ ಮೊದಲಿರಬೇಕು. ಆಮೇಲೆ ಪ್ರೆಸ್ಸಿನ ಮಿಷನ್‌ಮ್ಯಾನ್ ಗುರುವಾರ ತಗೊಂಡರು, ಎದುರುಮನೆಯ ಆಟೋ ಓಡಿಸುವ ತಮ್ಮ ಶನಿವಾರ ತಗೊಂಡ. ಎರಡು ವರ್ಷಕ್ಕೆ 300ಕ್ಕೂ ಜಾಸ್ತಿ ಸಲ. ಅದರಲ್ಲಿ ನಾನು, ಅಣ್ಣ ಸೇರಿ ಹೋಗಿದ್ದು ನಲವತ್ತೂ ಇರಲಿಕ್ಕಿಲ್ಲ. ಇದನ್ನು ಬರೆಯೋಕೆ ನಾಚಿಕೆಯಾಗುತ್ತದೆ, ಆದರೂ ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ.

ಡಯಾಲಿಸಿಸ್ ಮಾಡಿದ ಸಿಸ್ಟರುಗಳಿಗೂ ಟೆಕ್ನಿಷಿಯನ್ನುಗಳಿಗೂ ನಮಸ್ಕಾರ. ನಾಲ್ಕು ಗಂಟೆ ಅಲುಗಾಡದೆ ಮಲಗಿದ ಮನುಷ್ಯ ಹಳೇ 29 ಪಾಯಿಂಟಿನ ಆಟ ಚೆನ್ನಾಗಿತ್ತೋ ಈಗಿನ 35ರದ್ದೋ ಅಂತ ವಾದಿಸುವುದನ್ನು ನೀವು ಸಹಿಸಿದಿರಿ. ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ರಕ್ತನಾಳಗಳನ್ನು ಜೋಡಿಸುತ್ತಾರಲ್ಲ, ಆ ಫಿಸ್ಟುಲಾ ಎಡಗೈಗೆ ಮಾಡಿದಾಗ ಅಪ್ಪನಿಗೆ ದೊಡ್ಡ ಸಮಾಧಾನ, ಬ್ಯಾಟಿನ ಕೈ ಉಳಿಯಿತು ಅಂತ. ಅದರ ಮೇಲೆ ಬೆರಳಿಟ್ಟರೆ ಗುಂಯ್ ಅಂತ ಅದುರುತ್ತದೆ. ನನ್ನ ಮಗನ ಬೆರಳನ್ನು ಅಲ್ಲಿಟ್ಟು, “ನೋಡು ಪುಟ್ಟ, ಮಿಷನ್ ಓಡ್ತಿದೆ” ಅನ್ನುತ್ತಿದ್ದರು.

ನೋಡಲು ಬಂದವರೆಲ್ಲ ಎಳನೀರು, ಬಾಳೆಹಣ್ಣು ತಂದಿರಿ. ಪೊಟ್ಯಾಸಿಯಂ ಜಾಸ್ತಿ ಅಂತ ಎರಡೂ ಅವರಿಗೆ ನಿಷೇಧ. ನಿಮ್ಮ ಮನಸ್ಸು ನೋಯಬಾರದು ಅಂತ ಅಮ್ಮ ಹೇಳಲಿಲ್ಲ. ಎಲ್ಲ ಪ್ರೆಸ್ಸಿನ ಹುಡುಗರ ಹೊಟ್ಟೆ ಸೇರಿದೆ, ಅವರ ಪರವಾಗಿಯೂ ಥ್ಯಾಂಕ್ಸ್. ದಿನಕ್ಕೆ ಒಂದು ಲೀಟರ್ ನೀರಿನ ಲೆಕ್ಕದಲ್ಲಿ ಕಾಫಿಗೂ ಜಾಗ ಮಾಡಬೇಕಿತ್ತು. ಮಂಗಳವಾರದ ಮಾಮ ದಾರಿಯಲ್ಲಿ ಬೈಟು ಕಾಫಿ ಕೊಡಿಸುತ್ತಿದ್ದರು, ತಮ್ಮ ಲೋಟಕ್ಕೆ ಜಾಸ್ತಿ ಸುರಿದುಕೊಂಡು. ನಮಗೆ ಗೊತ್ತಿಲ್ಲ ಅಂತ ಇಬ್ಬರೂ ತಿಳಿದಿದ್ದರು.

ಒಂದು ಸೋಮವಾರ ಬೆಳಗಿನ ಜಾವ ನಿದ್ದೆಯಲ್ಲೇ ಹೋದರು. 74 ವರ್ಷ. ಸಂಜೆ ಹರಿಶ್ಚಂದ್ರ ಘಾಟಿನಲ್ಲಿ ಟೀಮಿನಲ್ಲಿ ಉಳಿದಿದ್ದ ಮೂವರೂ ಹೆಗಲು ಕೊಟ್ಟರು. ಮಾರನೇ ದಿನ ಐದೂವರೆಗೆ ಗೇಟಿನ ಸದ್ದಾಯಿತು. ನೋಡಿದರೆ ಮಾಮ, ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಫೈಲ್ ಇಡುವ ಬಟ್ಟೆ ಬ್ಯಾಗು. “ಎಚ್ಚರ ಆಗಿಬಿಡ್ತಮ್ಮ, ಮಂಗಳವಾರ ಅಲ್ವಾ” ಅಂದರು. ಅಮ್ಮ ಒಳಗೆ ಕರೆದು ಕೂರಿಸಿದಳು. ಯಾರೂ ಮಾತಾಡಲಿಲ್ಲ.

ಸಮಾರಾಧನೆಯ ಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಯಿತು. ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು ಅಂದಿದ್ದೆ, ಅಮ್ಮ ಕೇಳಲಿಲ್ಲ. ಪ್ರೂಫ್ ತರಿಸಿಕೊಂಡಳು. ಎದುರಿನ ಕುರ್ಚಿ ಖಾಲಿ, ಆದರೂ ಗಟ್ಟಿಯಾಗಿಯೇ ಓದಿದಳು. ‘ವೈಕುಂಟ’ ಅಂತಿತ್ತು. ಪೆನ್ಸಿಲ್ ತಗೊಂಡು ಟ ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟು, “ಈಗ ಹೊಡೀರಿ” ಅಂದಳು.

ಅಪ್ಪನ ಬ್ಯಾಟುಗಳು ನಾಲ್ಕು ಇವೆ. ಒಂದು ನನ್ನ ಮಗನಿಗೆ ಇಟ್ಟುಕೊಂಡಿದ್ದೇವೆ. ಉಳಿದ ಮೂರಕ್ಕೆ ಹೊಸ ಗಟ್ ಹಾಕಿಸಿದ್ದೇನೆ. ಮೈದಾನಕ್ಕೆ ಬರುವ ಹುಡುಗ ಹುಡುಗಿಯರು ಯಾರಾದರೂ ಮನೆಗೆ ಬಂದು ತಗೊಂಡು ಹೋಗಬಹುದು. ಸಂಜೆ ಆರರ ಮೇಲೆ ಬನ್ನಿ, ಅಮ್ಮ ಇರುತ್ತಾಳೆ.