ಹೊಸದೊಂದೂ ಸಿಗದ ಸಂಶೋಧನೆಗೆ ನೆರವಾದವರಿಗೆ

ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮೇಲೆ ಬದುಕುವ ಕಡಲ ಬಸವನಹುಳುಗಳ ವರ್ಗೀಕರಣವನ್ನು ಕುರಿತ ನನ್ನ ಮಹಾಪ್ರಬಂಧಕ್ಕೆ ಕಳೆದ ವಾರ ಪಿಎಚ್‌.ಡಿ. ಪದವಿ ದೊರೆತಿದೆ. ಅಭಿನಂದಿಸಲು ಕರೆ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು, ಎಷ್ಟು ಹೊಸ ಪ್ರಭೇದ ಸಿಕ್ಕವು ಎಂದು. ಒಂದೂ ಸಿಗಲಿಲ್ಲ. ಸಿಕ್ಕಿತೆಂದು ಎರಡು ವರ್ಷ ನಾನು ನಂಬಿಕೊಂಡಿದ್ದ ಒಂದನ್ನೂ ಕೈಬಿಡುವಂತೆ ಮಾಡಿದವರಿಗೇ ಈ ಬರಹದ ಬಹುಪಾಲು ಋಣ ಸಲ್ಲಬೇಕಾಗಿದೆ.

ಲಿಟ್ಟೊರೇರಿಯಾ ಕುಲದ ಈ ಹುಳುಗಳು ಕಡಲಿನವೇ ಆದರೂ ಹೆಚ್ಚಿನ ಹೊತ್ತು ನೀರಿನಿಂದ ಮೇಲೆ, ಕಾಂಡಕ್ಕೋ ಬೇರಿಗೋ ಎಲೆಗೋ ಅಂಟಿಕೊಂಡಿರುತ್ತವೆ. ಇವುಗಳಲ್ಲಿ ಹಲವನ್ನು ಬಹುಕಾಲ, ಲಿನೇಯಸ್ 1758ರಲ್ಲಿ ಹೆಸರಿಟ್ಟ ಸ್ಕೇಬ್ರಾ ಎಂಬ ಒಂದೇ ಪ್ರಭೇದದೊಳಗೆ ತುಂಬಿಡಲಾಗಿತ್ತು. ಚಿಪ್ಪಿನ ಬಣ್ಣ ಮತ್ತು ಗೆರೆಗಳು ಒಂದೇ ಪ್ರಭೇದದಲ್ಲಿಯೂ ಬಹಳ ಬದಲಾಗುವುದರಿಂದ ಅವುಗಳನ್ನಷ್ಟೇ ನೆಚ್ಚಿದರೆ ಸಾಲದೆಂದೂ, ಗಂಡಿನ ಜನನಾಂಗದ ಆಕಾರ, ಹೆಣ್ಣಿನ ಅಂಡನಾಳ, ನಾಲಿಗೆಯಂತಿರುವ ಹಲ್ಲುಪಟ್ಟಿ ಇವೆಲ್ಲವನ್ನೂ ಕೂಡಿಸಿ ನೋಡಬೇಕೆಂದೂ ಡೇವಿಡ್ ರೀಡ್ 1986ರ ತಮ್ಮ ದೊಡ್ಡ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಆ ಗ್ರಂಥ ಮೊದಲ ವರ್ಷದಿಂದಲೂ ನನ್ನ ಮೇಜಿನ ಮೇಲಿತ್ತು. ಓದಿದ್ದೆ ಕೂಡ; ಆದರೆ ಚಿಪ್ಪಿನ ಚಿತ್ರಗಳಿದ್ದ ಪುಟಗಳನ್ನು ಹೆಚ್ಚು, ಅಂಗರಚನೆಯ ಪುಟಗಳನ್ನು ಕಡಿಮೆ.

ಹೀಗಾಗಿ ಮೊದಲ ಎರಡು ವರ್ಷ ಸಂಗ್ರಹಿಸಿದ ಹುಳುಗಳನ್ನು ಬೇಯಿಸಿ, ಒಳಗಿನ ದೇಹವನ್ನು ಸೂಜಿಯಿಂದ ಎಳೆದು ಎಸೆದು, ಚಿಪ್ಪುಗಳನ್ನು ಮಾತ್ರ ತೊಳೆದು ಡಬ್ಬಿಗಳಲ್ಲಿ ಜೋಡಿಸಿಟ್ಟಿದ್ದೆ. ಅವುಗಳಲ್ಲಿ ಒಂದು ಗುಂಪು ಸ್ಕೇಬ್ರಾಗಿಂತ ಸ್ಪಷ್ಟವಾಗಿ ಬೇರೆಯಾಗಿ ಕಂಡಿತು. ಅಳತೆ ತೆಗೆದೆ, ಚಿತ್ರ ಬರೆಸಿದೆ, ಯಾರಿಗೂ ಹೇಳದೆ ಹೆಸರನ್ನೂ ಆರಿಸಿಟ್ಟುಕೊಂಡೆ, ಲೇಖನ ಕಳುಹಿಸಿದೆ. ಹೆಸರು ತಿಳಿಯದ ವಿಮರ್ಶಕರೊಬ್ಬರಿಂದ ಬಂದ ಟಿಪ್ಪಣಿಯ ಮೊದಲ ವಾಕ್ಯ, ಪ್ರಾಣಿ ಎಲ್ಲಿದೆ ಎಂಬ ಪ್ರಶ್ನೆಯಾಗಿತ್ತು. ಅದರ ಕೆಳಗೆ ಅವರು ಮೂರು ಪುಟಗಳಷ್ಟು, ಏನನ್ನು ಸಂಗ್ರಹಿಸಬೇಕು, ಹೇಗೆ ಸಂರಕ್ಷಿಸಬೇಕು, ಯಾವ ಯಾವ ಹಳೆಯ ಹೆಸರುಗಳೊಡನೆ ಹೋಲಿಸಬೇಕು ಎಂದು ವಿವರವಾಗಿ ಬರೆದಿದ್ದರು. ಲೇಖನವನ್ನು ತಿರಸ್ಕರಿಸಲು ಒಂದು ಸಾಲು ಸಾಕಿತ್ತು. ಉಳಿದ ಶ್ರಮವೆಲ್ಲ ನನಗಾಗಿಯೇ ಪಟ್ಟದ್ದು. ಆ ದಿನ ನನಗೆ ಬಂದದ್ದು ಸಿಟ್ಟು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮತ್ತೆ ಅಳಿವೆಗೆ ಹೋಗಿ, ಹುಳುಗಳನ್ನು ಜೀವಂತವಾಗಿ ತಂದು, ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮೈ ಸಡಿಲಗೊಳಿಸಿ, ಅಂಗಚ್ಛೇದ ಮಾಡಿ ನೋಡಿದಾಗ ನನ್ನ ಹೊಸ ಪ್ರಭೇದವು ಫಿಲಿಪ್ಪಿ 1846ರಲ್ಲಿಯೇ ಹೆಸರಿಸಿದ್ದ ಇಂಟರ್ಮೀಡಿಯಾ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಆಫ್ರಿಕಾದ ಪೂರ್ವ ಕರಾವಳಿಯಿಂದ ಪೆಸಿಫಿಕ್ ದ್ವೀಪಗಳವರೆಗೂ ಹರಡಿರುವ ಪ್ರಾಣಿ ಅದು. ಮರಿಗಳು ಪ್ರವಾಹದಲ್ಲಿ ತೇಲುತ್ತ ಅಷ್ಟು ದೂರ ಸಾಗುವಾಗ ಒಂದು ಅಳಿವೆಗೆ ಮಾತ್ರ ಸೀಮಿತವಾದ ಪ್ರಭೇದ ಇರಬಹುದೆಂಬ ನನ್ನ ಊಹೆಯೇ ದುರ್ಬಲವಾಗಿತ್ತು. ಇಂಥ ಎಡವಟ್ಟು ಮಾಡಿದವನು ನಾನೊಬ್ಬನೇ ಅಲ್ಲ ಎಂಬುದೊಂದು ಸಮಾಧಾನ: ಒಲಿವಿ 1792ರಲ್ಲಿ ವಿವರಿಸಿದ ಲಿಟ್ಟೊರೈನಾ ಸ್ಯಾಕ್ಸಟಿಲಿಸ್ ಎಂಬ ಅಟ್ಲಾಂಟಿಕ್ ತೀರದ ಪುಟ್ಟ ಹುಳುವಿಗೆ, ಚಿಪ್ಪಿನ ವೈವಿಧ್ಯಕ್ಕೆ ಮರುಳಾದ ವಿದ್ವಾಂಸರು ಒಬ್ಬರಾದ ಮೇಲೊಬ್ಬರಂತೆ ನೂರಕ್ಕೂ ಹೆಚ್ಚು ಹೆಸರುಗಳನ್ನು ಕೊಟ್ಟಿದ್ದಾರೆ.

ಇಳಿತದ ಹೊತ್ತಿನಲ್ಲಿ ಬೆಳಚು ಎಂಬ ಚಿಪ್ಪುಮೀನು ಆರಿಸಲು ಬರುತ್ತಿದ್ದ ಅಕ್ಕಂದಿರನ್ನು ನೆನೆಯದೆ ಇರಲಾರೆ. ಕೆಸರಿನಲ್ಲಿ ಎಲ್ಲಿ ಕಾಲಿಡಬೇಕು, ಭರತ ಏರುವ ಮೊದಲು ಯಾವಾಗ ಹಿಂದಿರುಗಬೇಕು ಎಂಬುದನ್ನು ಕಲಿಸಿದವರು ಅವರೇ. ನನ್ನ ಡಬ್ಬಿಯನ್ನು ಮೊದಲ ವರ್ಷವೇ ನೋಡಿದ ಹಿರಿಯ ಅಕ್ಕನೊಬ್ಬರು, “ಬುಡದ್ದೇ ಬೇರೆ, ಎಲೆ ಮೇಲಿಂದೇ ಬೇರೆ ತಮಾ, ಎರಡನ್ನೂ ಒಂದೇ ಡಬ್ಬಿಗೆ ಯಾಕೆ ಹಾಕ್ತೆ?” ಎಂದು ಕೇಳಿದ್ದರು. ಯಾವ ಹುಳು ಯಾವ ಎತ್ತರದಲ್ಲಿ ಸಿಕ್ಕಿತೆಂದು ಆಗಲೇ ಬರೆದಿಟ್ಟುಕೊಂಡಿದ್ದರೆ ಒಂದು ವರ್ಷವಾದರೂ ಉಳಿಯುತ್ತಿತ್ತು. ಪ್ರಬಂಧದ ನಾಲ್ಕನೆಯ ಅಧ್ಯಾಯ ಅವರ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಸಂಗ್ರಹಕ್ಕೆ ಅನುಮತಿ ನೀಡಿದ ಅರಣ್ಯ ಇಲಾಖೆಗೆ, ಹತ್ತೊಂಬತ್ತನೆಯ ಶತಮಾನದ ಲ್ಯಾಟಿನ್ ವಿವರಣೆಗಳನ್ನು ಹುಡುಕಿಕೊಟ್ಟ ಗ್ರಂಥಪಾಲಕರಿಗೆ, ಪ್ರಯೋಗಾಲಯದ ಗೆಳೆಯರಿಗೆ ವಂದನೆಗಳು. ನನ್ನ ಮಾರ್ಗದರ್ಶಕರು ತಪ್ಪು ಬಯಲಾದ ದಿನ ಬೈಯಲಿಲ್ಲ. ಚಿಪ್ಪುಗಳನ್ನು ಎಸೆಯಬೇಡ, ಚೀಟಿ ಬದಲಿಸು ಎಂದಷ್ಟೇ ಹೇಳಿದರು. ಕಡಲ ವಾಸನೆ ಹೊತ್ತ ಬಟ್ಟೆಗಳನ್ನು ಐದು ವರ್ಷ ಒಗೆದ ಆಯಿಗೆ ಏನು ಹೇಳಿದರೂ ಕಡಿಮೆಯೇ.

ಈ ವಾರ ಆ ಡಬ್ಬಿಗಳ ಚೀಟಿಗಳನ್ನು ಬದಲಿಸುತ್ತಿದ್ದೇನೆ. ನಾನು ಆರಿಸಿದ್ದ ಹೆಸರಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ಇಂಟರ್ಮೀಡಿಯಾ, ಫಿಲಿಪ್ಪಿ, 1846 ಎಂದು ಬರೆಯುತ್ತಿದ್ದೇನೆ. ಹಳೆಯ ಚೀಟಿಯನ್ನು ಹರಿದು ಹಾಕುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಅದೂ ಡಬ್ಬಿಯೊಳಗೇ ಉಳಿಯುತ್ತದೆ.