ಭಾನುವಾರದ ಡೇಟಾಬೇಸ್ ತರಗತಿ: ಲ್ಯಾಪ್‌ಟಾಪ್ ಬೇಡ, ಪೆನ್ಸಿಲ್ ತನ್ನಿ

ಎಲ್ಲರಿಗೂ ನಮಸ್ಕಾರ,

ಈ ಭಾನುವಾರ ಬೆಳಗ್ಗೆ 10.30ಕ್ಕೆ ಬಸವನಗುಡಿಯ ನಮ್ಮ ಮಾಮೂಲಿ ಜಾಗದಲ್ಲಿ ಸೇರೋಣ. ಹೊಸದಾಗಿ ಸೇರಿದವರು ಖಂಡಿತ ಬನ್ನಿ, ಈ ತರಗತಿ ಇರುವುದೇ ನಿಮಗಾಗಿ. ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಮುಂದಿನ ವಾರ. ಈ ವಾರ ಪೂರ್ತಿ ಪ್ಲಾನಿಂಗ್.

ನಮ್ಮ ಬಡಾವಣೆಯ ಲೈಬ್ರರಿಯನ್ನೇ ಉದಾಹರಣೆಗೆ ತಗೊಳ್ಳೋಣ. ಈಗ ಎಲ್ಲವೂ ಒಂದೇ ಎಕ್ಸೆಲ್ ಶೀಟ್‌ನಲ್ಲಿದೆ. ಒಬ್ಬರು ಹತ್ತು ಪುಸ್ತಕ ಒಯ್ದರೆ ಅವರ ಫೋನ್ ನಂಬರ್ ಹತ್ತು ಸಾಲಿನಲ್ಲಿ ಬರುತ್ತದೆ. ನಂಬರ್ ಬದಲಾದಾಗ ಒಂದು ಸಾಲು ಬಿಟ್ಟುಹೋದರೂ ಯಾವುದು ಸರಿ ಅಂತ ಗೊತ್ತಾಗಲ್ಲ, ಅಲ್ವಾ? ಅದಕ್ಕೇ ಸದಸ್ಯರು, ಪುಸ್ತಕಗಳು, ಎರವಲು ಅಂತ ಮೂರು ಟೇಬಲ್ ಮಾಡುತ್ತೇವೆ. ಎರವಲು ಟೇಬಲ್‌ನಲ್ಲಿ ಸದಸ್ಯರ ಐಡಿ, ಪುಸ್ತಕದ ಐಡಿ, ಕೊಟ್ಟ ತಾರೀಕು, ವಾಪಸ್ ಬಂದ ತಾರೀಕು. ಹೆಸರು, ಫೋನ್ ಅಲ್ಲಿ ಬೇಡವೇ ಬೇಡ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟ ರಿಲೇಷನಲ್ ಮಾದರಿಯೇ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಜೋಡಿಸಿಡುವ ವಿಧಾನ) ಇದಕ್ಕೆಲ್ಲ ತಳಪಾಯ.

ಫೋನ್ ನಂಬರನ್ನೇ ಪ್ರೈಮರಿ ಕೀ (ಟೇಬಲ್‌ನ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಮಾಡಬಹುದಲ್ಲ ಅಂತ ಕೆಲವರು ಕೇಳಿದ್ದಿರಿ. ಬೇಡ. ಒಂದೇ ಮನೆಯ ಅಜ್ಜಿ, ಮೊಮ್ಮಗ ಒಂದೇ ನಂಬರ್ ಕೊಡುತ್ತಾರೆ, ನಂಬರ್ ಬದಲಾಗುವುದೂ ಜಾಸ್ತಿ. ಪ್ರತ್ಯೇಕ ಐಡಿಯೇ ಒಳ್ಳೆಯದು.

ಬರುವ ಮೊದಲು ಇಷ್ಟು ಮಾಡಿ:
1. ಲೈಬ್ರರಿಯವರು ದಿನಾ ಕೇಳುವ ಐದು ಪ್ರಶ್ನೆ ಬರೆಯಿರಿ. 'ಯಾವ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ?' ಅನ್ನುವಂಥವು. ಟೇಬಲ್ ಹುಟ್ಟುವುದೇ ಈ ಪ್ರಶ್ನೆಗಳಿಂದ, ಇದನ್ನು ಮಾತ್ರ ಬಿಡಬೇಡಿ.
2. ಒಂದೇ ಪುಸ್ತಕದ ಎರಡು ಪ್ರತಿ ಇದ್ದರೆ ಮೂರು ಟೇಬಲ್ ಸಾಕಾ? ಯೋಚಿಸಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ 'ಬರ್ತೀನಿ' ಅಂತ ಹಾಕಿ. ಅಷ್ಟು ಜನಕ್ಕೆ ಹಳೆ ಶೀಟಿನ ಜೆರಾಕ್ಸ್ ಮಾಡಿಸಬೇಕು.